ಕಿಟ್ಟವು ಆಸರೆಯಲ್ಲ

ಅಂತರಂಗಶುದ್ಧಿ, ಬಹಿರಂಗಶುದ್ಧಿ ಎಂಬ ಎರಡು ಮಾತುಗಳು ಶರಣಧರ್ಮದಲ್ಲಿ ಜೋಡಿಯಾಗಿಯೇ ಬರುತ್ತವೆ. ಬಸವಾದಿ ಪ್ರಮಥರು ಒಂದನ್ನು ಹಿಡಿದು ಮತ್ತೊಂದನ್ನು ಬಿಟ್ಟವರಲ್ಲ. ಕಾಯವನ್ನು ಹಳಿದು ಆತ್ಮವನ್ನು ಮಾತ್ರ ಕೊಂಡಾಡುವುದು ಅವರ ಮಾರ್ಗವಲ್ಲ. ದೇಹವನ್ನೇ ದೇವಾಲಯವೆಂದು ಕಂಡ ಬಸವಣ್ಣನವರ ದೃಷ್ಟಿಯಲ್ಲಿ ಕಾಯವು ಲಿಂಗಪೂಜೆಗೂ ಕಾಯಕಕ್ಕೂ ದೊರೆತ ಸಾಧನ. ಆ ಕಾಯದಲ್ಲಿಯೂ ಬಾಯಿಗೆ ವಿಶೇಷವಾದ ಸ್ಥಾನವುಂಟು. ಪಾದೋದಕವು ಒಳಸೇರುವುದು ಬಾಯಿಯಿಂದ. ಪ್ರಸಾದವನ್ನು ಸ್ವೀಕರಿಸುವುದು ಬಾಯಿಯಿಂದ. ಷಡಕ್ಷರಿಯ ಉಚ್ಚಾರವೂ ಬಾಯಿಯಿಂದಲೇ. ಅಷ್ಟಾವರಣಗಳಲ್ಲಿ ಮೂರು ಈ ಒಂದೇ ದ್ವಾರವನ್ನು ಆಶ್ರಯಿಸಿವೆ. ಆದುದರಿಂದ ವಸಡಿನ ರೋಗ, ಅದರ ಚಿಕಿತ್ಸೆ ಎಂಬ ವಿಚಾರವು ಭಕ್ತನಾದವನಿಗೆ ಅಲ್ಪವಾದುದಲ್ಲ. ಮನಸ್ಸಿಟ್ಟು ನೋಡಿದರೆ ಮಲತ್ರಯದ ನಿವೃತ್ತಿ ಎಂಬ ಗಹನವಾದ ತತ್ತ್ವವೂ ಇಲ್ಲಿ ಕೈಗೆಟಕುವಷ್ಟು ಹತ್ತಿರವಾಗುತ್ತದೆ.

ಈ ರೋಗದ ಮೊದಲನೆಯ ಗುಣವೆಂದರೆ ಅದು ನೋಯಿಸುವುದಿಲ್ಲ. ಹಲ್ಲಿನಲ್ಲಿ ಹುಳುಕು ಆಳಕ್ಕಿಳಿದರೆ ಮನುಷ್ಯನು ರಾತ್ರಿಯೆಲ್ಲ ನರಳುತ್ತಾನೆ. ವಸಡಿನ ರೋಗವಾದರೋ ವರ್ಷಗಟ್ಟಲೆ ಸದ್ದಿಲ್ಲದೆ ಇರುತ್ತದೆ. ಹಲ್ಲಿನ ಬುಡದಲ್ಲಿ ದಿನವೂ ತೆಳ್ಳನೆಯ ಪಾಚಿ ಕಟ್ಟುತ್ತದೆ. ಅದನ್ನು ತೆಗೆಯದೆ ಬಿಟ್ಟರೆ ಜೊಲ್ಲಿನಲ್ಲಿರುವ ಸುಣ್ಣದ ಅಂಶವು ಅದರೊಳಗೆ ಸೇರಿ ಕೆಲವೇ ದಿನಗಳಲ್ಲಿ ಗಟ್ಟಿಯಾಗತೊಡಗುತ್ತದೆ. ಹಾಗೆ ಗಟ್ಟಿಯಾದುದೇ ಕಿಟ್ಟ. ಪಾಚಿಯನ್ನು ಕುಂಚದಿಂದ ಉಜ್ಜಿ ತೆಗೆಯಬಹುದು. ಕಿಟ್ಟವು ಕುಂಚಕ್ಕೆ ಜಗ್ಗುವುದಿಲ್ಲ. ಅದು ವಸಡಿನ ಕೆಳಗೂ ಇಳಿದು ಹಲ್ಲಿನ ಬೇರಿಗೆ ಅಂಟಿಕೊಳ್ಳುತ್ತದೆ. ಅದರ ಒರಟು ಮೈಮೇಲೆ ಮತ್ತೆ ಪಾಚಿ, ಪಾಚಿಯ ಮೇಲೆ ಮತ್ತೆ ಕಿಟ್ಟ. ವಸಡು ಊದಿ ಹಲ್ಲಿನಿಂದ ಬೇರ್ಪಟ್ಟು ಒಂದು ಚೀಲದಂತಾಗುತ್ತದೆ; ಒಳಗಿನ ದವಡೆಯ ಎಲುಬು ಸ್ವಲ್ಪಸ್ವಲ್ಪವಾಗಿ ಕರಗುತ್ತದೆ. ಹಲ್ಲುಜ್ಜುವಾಗ ಉಗುಳಿನಲ್ಲಿ ಕಾಣುವ ಕೆಂಪು ಮಾತ್ರ ಇದಕ್ಕೆಲ್ಲ ಸಾಕ್ಷಿ.

ಹಾಲೆಂಡಿನ ಡೆಲ್ಫ್ಟ್ ನಗರದಲ್ಲಿ ಆಂಟನಿ ವಾನ್ ಲೇವನ್‌ಹುಕ್ ಎಂಬ ಬಟ್ಟೆ ವ್ಯಾಪಾರಿಯಿದ್ದನು. ತನ್ನ ಕೈಯಿಂದಲೇ ಮಸೂರಗಳನ್ನು ತಯಾರಿಸಿ ಸೂಕ್ಷ್ಮವಸ್ತುಗಳನ್ನು ನೋಡುವುದು ಅವನಿಗೆ ವ್ರತದಂತಿತ್ತು. 1683ರಲ್ಲಿ ಅವನು ಲಂಡನ್ನಿನ ರಾಯಲ್ ಸೊಸೈಟಿಗೆ ಒಂದು ಪತ್ರ ಬರೆದನು. ಪ್ರತಿದಿನವೂ ಉಪ್ಪಿನಿಂದ ಹಲ್ಲುಜ್ಜುವ ತನ್ನ ಬಾಯಿಯಲ್ಲಿಯೂ ಹಲ್ಲುಗಳ ಸಂದಿನಲ್ಲಿ ಕಲಸಿದ ಹಿಟ್ಟಿನಂತಹ ಬಿಳಿಯ ಪದಾರ್ಥವಿತ್ತೆಂದೂ, ಮಸೂರದಡಿಯಲ್ಲಿ ನೋಡಲು ಅದರಲ್ಲಿ ಅತಿ ಸಣ್ಣ ಜೀವಿಗಳು ಚಲಿಸುತ್ತಿದ್ದುವೆಂದೂ ತಿಳಿಸಿದನು. ತಾನು ಶುದ್ಧನೆಂದು ನಂಬಿದ್ದವನು ತನ್ನ ಬಾಯಿಯನ್ನೇ ಪರೀಕ್ಷೆಗೊಡ್ಡಿ, ಕಂಡುದನ್ನು ಮುಚ್ಚಿಡದೆ ಲೋಕಕ್ಕೆ ಹೇಳಿದುದು ಸಾಮಾನ್ಯವಾದ ಮಾತಲ್ಲ. ತನ್ನೊಳಗನ್ನು ತಾನೇ ನೋಡಿಕೊಳ್ಳುವ ಧೈರ್ಯದಿಂದಲೇ ಎಲ್ಲ ಶುದ್ಧಿಯೂ ಆರಂಭವಾಗುತ್ತದೆ.

ಅದಾದ ಬಹುಕಾಲದ ಮೇಲೆ, 1965ರಲ್ಲಿ, ಡೆನ್ಮಾರ್ಕಿನ ಆರ್ಹಸ್ ನಗರದಲ್ಲಿ ಹೆರಾಲ್ಡ್ ಲೋ ಎಂಬ ವಿದ್ವಾಂಸನೂ ಅವನ ಸಂಗಡಿಗರೂ ನಡೆಸಿದ ಪ್ರಯೋಗವೊಂದು ಪ್ರಕಟವಾಯಿತು. ಆರೋಗ್ಯವಂತರಾದ 12 ಮಂದಿ ಹಲ್ಲುಜ್ಜುವುದನ್ನು ಸಂಪೂರ್ಣವಾಗಿ ನಿಲ್ಲಿಸಿದರು. 10ರಿಂದ 21 ದಿನಗಳೊಳಗಾಗಿ ಎಲ್ಲರ ವಸಡುಗಳೂ ಉರಿಯೂತಕ್ಕೆ ಒಳಗಾದವು. ಮತ್ತೆ ಉಜ್ಜತೊಡಗಿದ ಮೇಲೆ ಸುಮಾರು ಒಂದು ವಾರದಲ್ಲಿ ವಸಡುಗಳು ಮೊದಲಿನಂತಾದವು. ಈ ಪ್ರಯೋಗದಿಂದ ಎರಡು ಸತ್ಯಗಳು ಸ್ಪಷ್ಟವಾದವು. ನಿತ್ಯಶುದ್ಧಿಯನ್ನು ಬಿಟ್ಟವನು ಎಂತಹ ಆರೋಗ್ಯವಂತನಾದರೂ ಮೂರು ವಾರ ನಿಲ್ಲಲಾರನು ಎಂಬುದು ಒಂದು; ಆರಂಭದಲ್ಲಿಯೇ ಎಚ್ಚೆತ್ತವನಿಗೆ ಒಂದು ವಾರದ ಪ್ರಯತ್ನವೇ ಸಾಕೆಂಬುದು ಇನ್ನೊಂದು. ಆದರೆ ಎಲುಬು ಕರಗುವವರೆಗೆ ತಡೆದವನಿಗೆ ಈ ಸುಲಭದ ದಾರಿ ಮುಚ್ಚಿಹೋಗುತ್ತದೆ.

ಐವತ್ತು ದಾಟಿದ ಒಬ್ಬ ಗೃಹಸ್ಥನನ್ನು ಭಾವಿಸಿರಿ. ಅವನು ಪೂಜೆಗೆ ತಪ್ಪಿದವನಲ್ಲ, ದಾಸೋಹಕ್ಕೆ ಹಿಂಜರಿದವನಲ್ಲ. ಜೋಳದ ರೊಟ್ಟಿಯನ್ನು ಮುರಿದು ತಿನ್ನುತ್ತಿದ್ದವನು ಈಗ ಸಾರಿನಲ್ಲಿ ನೆನೆಸಿ ತಿನ್ನುತ್ತಾನೆ. ಒಂದೇ ಮಗ್ಗುಲಲ್ಲಿ ಅಗಿಯುತ್ತಾನೆ. ಉಗುಳಿನಲ್ಲಿ ರಕ್ತ ಕಂಡರೆ ನೀರು ಹೊಯ್ದು ಸುಮ್ಮನಾಗುತ್ತಾನೆ. ಮನೆಯಾಕೆ ಕೇಳಿದರೆ, "ವಯಸ್ಸಾಯಿತಲ್ಲ, ಇನ್ನೇನು" ಎನ್ನುತ್ತಾನೆ. ವೈದ್ಯರ ಬಳಿಗೆ ಹೋಗೆಂದರೆ ಅವನ ಬಳಿ ಸಿದ್ಧವಾದ ಉತ್ತರವೊಂದುಂಟು: "ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತವೆಯಂತೆ." ಈ ಮಾತು ಊರೂರಿನಲ್ಲಿಯೂ ಕೇಳಿಬರುತ್ತದೆ. ಇದನ್ನು ನಂಬಿ ಹಲ್ಲುಗಳನ್ನೇ ಕಳೆದುಕೊಂಡವರಿಗೆ ಲೆಕ್ಕವಿಲ್ಲ.

ಚಿಕಿತ್ಸೆಯ ಕ್ರಮ ಹೀಗಿದೆ. ದಂತವೈದ್ಯರು ಗುರುತುಗಳುಳ್ಳ ಸಣ್ಣ ಕಡ್ಡಿಯನ್ನು ಹಲ್ಲಿಗೂ ವಸಡಿಗೂ ನಡುವೆ ಮೆಲ್ಲಗೆ ಇಳಿಸಿ ಆಳವನ್ನು ಅಳೆಯುತ್ತಾರೆ. 3 ಮಿಲಿಮೀಟರಿನವರೆಗೆ ಆರೋಗ್ಯವೆಂದೂ, 4 ಅಥವಾ ಅದಕ್ಕಿಂತ ಹೆಚ್ಚಾದರೆ ರೋಗದ ಸೂಚನೆಯೆಂದೂ ಸಾಮಾನ್ಯವಾಗಿ ಎಣಿಸುತ್ತಾರೆ. ಎಲುಬು ಎಷ್ಟು ಕರಗಿದೆಯೆಂಬುದನ್ನು ಎಕ್ಸ್‌ರೇ ತೋರಿಸುತ್ತದೆ. ಬಳಿಕ ವಸಡನ್ನು ಚುಚ್ಚುಮದ್ದಿನಿಂದ ಮರಗಟ್ಟಿಸಿ, ನೀರು ಚಿಮ್ಮಿಸುವ ಕಂಪನದ ಯಂತ್ರದಿಂದಲೂ ಕೈಯ ಸಲಕರಣೆಗಳಿಂದಲೂ ವಸಡಿನ ಕೆಳಗಿನ ಕಿಟ್ಟವನ್ನು ಕೆರೆದು, ಬೇರಿನ ಮೈಯನ್ನು ನಯಗೊಳಿಸುತ್ತಾರೆ. ಇದನ್ನೇ ಡೀಪ್ ಕ್ಲೀನಿಂಗ್ ಎಂದು ಕರೆಯುವುದು. ಬಾಯಿಯನ್ನು ಭಾಗಗಳಾಗಿ ವಿಂಗಡಿಸಿ ಎರಡು ಅಥವಾ ಹೆಚ್ಚು ಸಲ ಬರಲು ಹೇಳುವುದುಂಟು. ಆನಂತರ ಒಂದೆರಡು ದಿನ ನೋವು, ಸ್ವಲ್ಪ ರಕ್ತ; ಕೆಲವು ದಿನಗಳಿಂದ ವಾರಗಳವರೆಗೆ ತಣ್ಣೀರು ಸೋಕಿದರೆ ಜುಮ್ಮೆನ್ನುವುದು. ಇಷ್ಟನ್ನು ಸಹಿಸಬೇಕಾಗುತ್ತದೆ.

ಊತ ಇಳಿದ ಮೇಲೆ ಗೃಹಸ್ಥನು ಕನ್ನಡಿಯಲ್ಲಿ ನೋಡಿಕೊಂಡು ಬೆದರುತ್ತಾನೆ. ಹಲ್ಲುಗಳ ನಡುವೆ ಹಿಂದಿಲ್ಲದ ಸಂದುಗಳು! ನಾಲಗೆಯಿಂದ ನೂಕಿದರೆ ಒಂದು ಹಲ್ಲು ಅಲುಗಿದಂತಾಗುತ್ತದೆ. ಜನ ಹೇಳಿದುದೇ ನಿಜವಾಯಿತೆಂದು ವೈದ್ಯರಲ್ಲಿ ದೂರುತ್ತಾನೆ. ವೈದ್ಯರು ಶಾಂತವಾಗಿ ಹೇಳುವ ಮಾತು ಇದು: "ಯಜಮಾನರೇ, ಈ ಸಂದನ್ನು ಮಾಡಿದವನು ನಾನಲ್ಲ. ಎಲುಬು ಎಂದೋ ಕರಗಿತ್ತು. ಆ ಜಾಗವನ್ನು ಕಿಟ್ಟವೂ ಊತವೂ ತುಂಬಿಕೊಂಡು ಹಲ್ಲು ಗಟ್ಟಿಯಾಗಿದೆಯೆಂದು ನಿಮ್ಮನ್ನು ನಂಬಿಸಿದ್ದವು. ಕಿಟ್ಟವಿದ್ದಷ್ಟು ದಿನ ಎಲುಬು ಕರಗುತ್ತಲೇ ಇರುತ್ತಿತ್ತು. ಈಗ ವಸಡು ಬಿಗಿಯಲು ಅವಕಾಶವಾಗಿದೆ."

ಶರಣತತ್ತ್ವದ ತಿರುಳು ಈ ಮಾತಿನಲ್ಲಿದೆ. ಜೀವನಿಗೆ ಆಣವ, ಮಾಯಾ, ಕಾರ್ಮಿಕವೆಂಬ ಮೂರು ಮಲಗಳು ಕವಿದಿವೆಯೆಂದು ನಮ್ಮ ಶಾಸ್ತ್ರವು ಹೇಳುತ್ತದೆ. ಮಲವು ತಾನು ಮಲವೆಂದು ಹೇಳಿಕೊಂಡು ಬರುವುದಿಲ್ಲ. ಅದು ಆಸರೆಯ ವೇಷದಲ್ಲಿ ಬರುತ್ತದೆ. ಅಣ್ಣತಮ್ಮಂದಿರು ಪಾಲಾಗುವಾಗ ಹೊಲದ ಬದುವಿನ ಮೇಲೆ ಒಂದು ಮಾತು ಬಿತ್ತು. ಅಂದೇ ತೊಳೆದಿದ್ದರೆ ಅದು ಪಾಚಿ. ಒಂದು ಕ್ಷಮೆಯ ಮಾತಿಗೆ ಹೋಗುತ್ತಿತ್ತು. ತೊಳೆಯಲಿಲ್ಲ. ಮೇಲೆ ಮತ್ತೊಂದು ಮಾತು, ಮತ್ತೊಂದು ಮದುವೆಗೆ ಕರೆಯದಿರುವಿಕೆ, ಮತ್ತೊಂದು ಕೋರ್ಟಿನ ನೋಟೀಸು. ಇಪ್ಪತ್ತು ವರ್ಷಗಳಲ್ಲಿ ಅದು ಕಲ್ಲಾಯಿತು. ಈಗ ಅದರ ಹೆಸರು ಹಗೆಯಲ್ಲ, 'ಮನೆತನದ ಮರ್ಯಾದೆ'. ಅದನ್ನು ತೆಗೆದರೆ ತಾನೇ ಸಡಿಲವಾಗುವೆನೆಂದು ಅಣ್ಣನು ಅಂಜುತ್ತಾನೆ. ಆ ಹಗೆಯಡಿಯಲ್ಲಿ ಒಡಹುಟ್ಟಿದ ಪ್ರೀತಿಯೆಂಬ ಎಲುಬು ಕರಗುತ್ತಿರುವುದು ಅವನಿಗೆ ತಿಳಿಯದು. ಏಕೆಂದರೆ ಅದು ನೋಯುವುದಿಲ್ಲ. ಧನದ ಹೆಮ್ಮೆ, ಕುಲದ ಹೆಮ್ಮೆ, ಪೂಜೆ ಮಾಡಿದೆನೆಂಬ ಹೆಮ್ಮೆ, ಇವುಗಳ ರೀತಿಯೂ ಇದೇ.

ಇಂತಹ ಮಲವನ್ನು ಮನುಷ್ಯನು ತಾನೊಬ್ಬನೇ ತೆಗೆದುಕೊಳ್ಳಲಾರನು. ವಸಡಿನ ಕೆಳಗೆ ಅವನ ಕುಂಚವು ಹೋಗುವುದಿಲ್ಲ, ಕಣ್ಣೂ ಹೋಗುವುದಿಲ್ಲ. ಅದಕ್ಕೆ ಬಲ್ಲವರ ಕೈ ಬೇಕು. ಆದುದರಿಂದಲೇ ಅಷ್ಟಾವರಣದಲ್ಲಿ ಗುರುವಿಗೆ ಮೊದಲ ಸ್ಥಾನ. ಕ್ರಿಯಾದೀಕ್ಷೆಯಿಂದ ಸ್ಥೂಲತನುವಿನ ಕಾರ್ಮಿಕಮಲವನ್ನೂ, ಮಂತ್ರದೀಕ್ಷೆಯಿಂದ ಸೂಕ್ಷ್ಮತನುವಿನ ಮಾಯಾಮಲವನ್ನೂ, ವೇಧಾದೀಕ್ಷೆಯಿಂದ ಕಾರಣತನುವಿನ ಆಣವಮಲವನ್ನೂ ಶ್ರೀಗುರುವು ಕಳೆಯುತ್ತಾನೆ. ಗುರುವಿನ ಮಾತು ಕೆಲವೊಮ್ಮೆ ಕೆರೆಯುವಂತೆ ತೋರಬಹುದು. ಅದು ಮಲಕ್ಕೆ ತಗಲುವ ಪೆಟ್ಟೇ ಹೊರತು ಭಕ್ತನಿಗಲ್ಲ. ವೈದ್ಯ ಕಾಯಕದ ಸಂಗಣ್ಣನವರು 12ನೆಯ ಶತಮಾನದಲ್ಲಿ ತಮ್ಮ ವೃತ್ತಿಯ ಭಾಷೆಯಲ್ಲಿಯೇ ಭವರೋಗದ ವಿಚಾರವನ್ನು ವಚನಗಳಲ್ಲಿ ಹೇಳಿದರು. ವೈದ್ಯವೂ ಕಾಯಕವೇ, ವೈದ್ಯನ ಮುಂದೆ ಬಾಯಿ ತೆರೆಯುವುದರಲ್ಲಿ ಲಜ್ಜೆಯಿಲ್ಲ.

ಇಲ್ಲಿ ಒಂದು ತಪ್ಪು ತಿಳಿವಳಿಕೆಗೆ ಎಡೆಗೊಡಬಾರದು. ದೇಹದ ರೋಗಕ್ಕೆ ಮಂತ್ರಜಪವೊಂದೇ ಸಾಕೆಂದು ಕುಳಿತುಕೊಳ್ಳುವುದು ಭಕ್ತಿಯಲ್ಲ, ಆಲಸ್ಯ. ಸುತ್ತೂರು ಮಠದ ಆಶ್ರಯದ ಜೆ.ಎಸ್.ಎಸ್. ಮಹಾವಿದ್ಯಾಪೀಠವು ಮೈಸೂರಿನಲ್ಲಿ ದಂತವೈದ್ಯ ಕಾಲೇಜನ್ನು ನಡೆಸುತ್ತಿರುವುದನ್ನು ನೆನೆದರೆ ಮಠಕ್ಕೂ ವೈದ್ಯಕ್ಕೂ ವಿರೋಧವಿಲ್ಲವೆಂಬುದು ತಿಳಿಯುತ್ತದೆ. ಸಕ್ಕರೆ ಕಾಯಿಲೆಯುಳ್ಳವರಂತೂ ತಡಮಾಡಬಾರದು. ಆ ಕಾಯಿಲೆ ವಸಡಿನ ರೋಗವನ್ನು ಹೆಚ್ಚಿಸುತ್ತದೆ. ವಸಡಿನ ರೋಗವು ರಕ್ತದ ಸಕ್ಕರೆಯನ್ನು ಹತೋಟಿಗೆ ತರಲು ಅಡ್ಡಿಯಾಗುತ್ತದೆ. ಹೊಗೆಬತ್ತಿ ಸೇದುವವರಲ್ಲಿ ರೋಗವು ಬಲಿತಿದ್ದರೂ ರಕ್ತ ಕಾಣುವುದು ಕಡಿಮೆ. ಹೀಗಾಗಿ ಇದ್ದೊಂದು ಎಚ್ಚರಿಕೆಯೂ ಅಡಗಿಹೋಗುತ್ತದೆ. ರಕ್ತ ತೆಳುವಾಗಿಸುವ ಔಷಧಿಯನ್ನು ಸೇವಿಸುವವರೂ ಹೃದಯದ ಕವಾಟದ ಚಿಕಿತ್ಸೆ ಪಡೆದವರೂ ಅದನ್ನು ದಂತವೈದ್ಯರಿಗೆ ಮೊದಲೇ ತಿಳಿಸಬೇಕು.

ಚಿಕಿತ್ಸೆ ಮುಗಿದೊಡನೆ ಎಲ್ಲವೂ ಮುಗಿಯಿತೆಂದು ತಿಳಿಯುವುದು ಮತ್ತೊಂದು ತಪ್ಪು. ವೈದ್ಯರು ಕಿಟ್ಟವನ್ನು ತೆಗೆದ ದಿನವೇ ಹೊಸ ಪಾಚಿ ಕಟ್ಟತೊಡಗುತ್ತದೆ. ಮೆತ್ತನೆಯ ಕುಂಚದಿಂದ ದಿನಕ್ಕೆರಡು ಸಲ ಉಜ್ಜುವುದು, ಹಲ್ಲುಗಳ ಸಂದನ್ನು ಸಣ್ಣ ಕುಂಚದಿಂದ ಶುದ್ಧಮಾಡುವುದು, ವೈದ್ಯರು ಹೇಳಿದಂತೆ ಮೂರು ನಾಲ್ಕು ತಿಂಗಳಿಗೊಮ್ಮೆ ತೋರಿಸಿಕೊಳ್ಳುವುದು, ಇವು ಜೀವನಪರ್ಯಂತದ ನೇಮ. ಶರಣೆ ಸತ್ಯಕ್ಕನದು ಅಂಗಳ ಗುಡಿಸುವ ಕಾಯಕ. ನಿನ್ನೆ ಗುಡಿಸಿದ ಅಂಗಳದಲ್ಲಿ ಇಂದು ಮತ್ತೆ ಕಸ ಬೀಳುವುದನ್ನು ಕಂಡು ಆಕೆ ಬೇಸರಪಡಲಿಲ್ಲ. ಆ ನಿತ್ಯದ ಗುಡಿಸುವಿಕೆಯೇ ಆಕೆಗೆ ಶಿವಪೂಜೆಯಾಯಿತು. ಗುರುವು ಒಮ್ಮೆ ಕಳೆದ ಮಲವು ಮರಳಿ ಕಟ್ಟದಂತೆ ನೋಡಿಕೊಳ್ಳುವುದು ಭಕ್ತನ ಕಾಯಕ. ಇದನ್ನು ಗುರುವು ಅವನ ಪರವಾಗಿ ಮಾಡಲಾರನು.

ಕರಗಿದ ಎಲುಬು ಬರಿಯ ಶುದ್ಧಿಯಿಂದ ಮೊದಲಿನಂತೆ ಬೆಳೆಯುವುದಿಲ್ಲ. ಆಳವಾದ ಚೀಲಗಳು ಉಳಿದರೆ ಶಸ್ತ್ರಚಿಕಿತ್ಸೆಯೂ ಬೇಕಾದೀತು. ಹಗೆಯಲ್ಲಿ ಕಳೆದ ಇಪ್ಪತ್ತು ವರ್ಷಗಳನ್ನು ಅಣ್ಣನಿಗೆ ಯಾರೂ ಹಿಂದಿರುಗಿಸಲಾರರು. ಕರೆಯದೆ ಬಿಟ್ಟ ಮದುವೆ ಮತ್ತೆ ನಡೆಯುವುದಿಲ್ಲ. ಆದರೆ ಉಳಿದುದನ್ನು ಉಳಿಸಿಕೊಳ್ಳಬಹುದು. ಶುದ್ಧವಾದ ಬೇರಿಗೆ ವಸಡು ಮತ್ತೆ ಬಿಗಿಯಾಗಿ ಅಪ್ಪಿಕೊಳ್ಳುತ್ತದೆ. ಸಂದು ಕಂಡರೂ ಹಲ್ಲು ನಿಲ್ಲುತ್ತದೆ. ರೊಟ್ಟಿಯನ್ನು ನೆನೆಸದೆ ಮುರಿದು ತಿನ್ನುವ ದಿನ ಬರಬಹುದು. ತಮ್ಮನ ಮನೆಯ ಹೊಸ್ತಿಲನ್ನು ಅಣ್ಣನು ಇಂದು ದಾಟಿದರೆ ಒಂದೇ ಪಂಕ್ತಿಯಲ್ಲಿ ಕುಳಿತು ಪ್ರಸಾದವನ್ನು ಸ್ವೀಕರಿಸುವ ದಿನಗಳು ಇನ್ನೂ ಉಳಿದಿವೆ. ತಡಮಾಡಿದಷ್ಟೂ ಆ ದಿನಗಳು ಕಡಿಮೆಯಾಗುತ್ತವೆ.

ಆದುದರಿಂದ ಸದ್ಭಕ್ತನಾದವನು ನೋವು ಬರುವವರೆಗೆ ಕಾಯದಿರಲಿ. ಉಗುಳಿನಲ್ಲಿ ಕೆಂಪು ಕಂಡಂದೇ ವೈದ್ಯನನ್ನು ಕಾಣಲಿ. ಮಾತಿನಲ್ಲಿ ಕಹಿ ಕಂಡಂದೇ ಗುರುವನ್ನು ಕಾಣಲಿ. ಬಾಯಿ ಶುದ್ಧವಾಗಿ ಪ್ರಸಾದಕ್ಕೆ ಯೋಗ್ಯವಾಗಲಿ, ಮನ ಶುದ್ಧವಾಗಿ ಲಿಂಗಕ್ಕೆ ಯೋಗ್ಯವಾಗಲಿ.