ಆಲ್ರೆಡಿ ರಿಪೋರ್ಟೆಡ್

ಹೋದ ವರ್ಷ ಅವ್ವನನ್ನು ಅಮೆರಿಕಕ್ಕೆ ಕರ್ಕೊಂಡು ಹೋಗೋ ಕೆಲಸ ನನ್ನ ಪಾಲಿಗೆ ಬಂತು. ಅಕ್ಕನ ಬಾಣಂತನ. ಹರಿಹರದ ಪಕ್ಕದ ನಮ್ಮೂರಿಂದ ದಾವಣಗೆರೆಗೆ ಬಂದು ಹೋಗೋದೇ ಅವ್ವನಿಗೆ ಒಂದು ದಿನದ ಪ್ರಯಾಣ, ವಿಮಾನವಂತೂ ಮೊದಲ ಸಲ. ಕಂಪನಿ ಹೆಸರು ಬೇಡ, ನಮ್ಮ ದೇಶದ್ದಲ್ಲ ಅಂದ್ರೆ ಸಾಕು. ನಡುವೆ ಇಳಿದು ಹತ್ತಿದ ಎರಡನೇ ವಿಮಾನ ಹಳೇದು. ಅವ್ವನ ಸೀಟಿನ ಕುಶನ್ ಕುಸಿದಿತ್ತು. ಮುಂದಿನ ಸ್ಕ್ರೀನ್ ಸತ್ತಿತ್ತು. ಅದೆಲ್ಲ ಹೋಗ್ಲಿ, ತಲೆ ಮೇಲಿನ ರೀಡಿಂಗ್ ಲೈಟ್ ಏನು ಮಾಡಿದ್ರೂ ಆರಲಿಲ್ಲ. ಇಡೀ ಕ್ಯಾಬಿನ್ ಕತ್ತಲು, ಅವ್ವನ ಮುಖದ ಮೇಲೆ ಮಾತ್ರ ಬೆಳಕು.

ಗಗನಸಖಿಯನ್ನು ಕರೆದೆ. ಪಾಪ, ಅವಳೂ ಬಟನ್ ಒತ್ತಿ ನೋಡಿದಳು. ಆಮೇಲೆ ಸ್ವಲ್ಪ ನಾಚಿಕೊಂಡೇ ಹೇಳಿದಳು: "ಇಟ್ಸ್ ಆಲ್ರೆಡಿ ರಿಪೋರ್ಟೆಡ್, ಸರ್."

ಸೀಟು ಬದಲಾಯಿಸ್ಕೊಳ್ಳೋಣ ಅಂದ್ರೆ ಅವ್ವ ಕೇಳಲಿಲ್ಲ. "ನೀ ಮಲಕ್ಕ, ನಂಗೇನಾಗೈತಿ" ಅಂತ ಹೇಳಿ ಸೆರಗನ್ನು ಮುಖದ ಮೇಲೆ ಎಳ್ಕೊಂಡಳು, ನಮ್ಮೂರ ಬಸ್ಸಿನಲ್ಲಿ ಧೂಳು ಬಂದಾಗ ಎಳ್ಕೊಳ್ಳೋ ಹಾಗೆ. ಒಂಬತ್ತು ಗಂಟೆ ಹಾಗೇ ಕೂತಿದ್ದಳು. ಮಧ್ಯೆ ಒಮ್ಮೆ ಮಾತ್ರ ಸೆರಗು ಸರಿಸಿ ಕೇಳಿದಳು: "ತಮ್ಮಾ, ಲೈಟೇ ರಿಪೇರಿ ಮಾಡ್ಸಿಲ್ಲ, ಇಂಜಿನ್ನು ಮಾಡ್ಸಿರ್ತಾರೇನೋ?"

ನಾನು ಇಂಜಿನಿಯರ್ ಅಲ್ವಾ, ಉತ್ತರ ರೆಡಿ ಇತ್ತು. ಮಾಡ್ಸಿರ್ತಾರೆ ಅಂದೆ. ಅದು ಸುಳ್ಳೂ ಅಲ್ಲ. ವಿಮಾನದಲ್ಲಿ ಕೆಟ್ಟದ್ದನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗೋದಿಲ್ಲ. ಮಿನಿಮಮ್ ಇಕ್ವಿಪ್‌ಮೆಂಟ್ ಲಿಸ್ಟ್ ಅಂತ ಒಂದು ಪಟ್ಟಿ ಇರುತ್ತೆ. ಯಾವುದು ಕೆಟ್ಟರೂ ಹಾರಬಹುದು, ಎಷ್ಟು ದಿನದೊಳಗೆ ಸರಿ ಮಾಡ್ಬೇಕು ಅನ್ನೋದು ಅದರಲ್ಲಿರುತ್ತೆ. ಬಿ ವರ್ಗಕ್ಕೆ 3 ದಿನ, ಸಿ ವರ್ಗಕ್ಕೆ 10, ಡಿ ವರ್ಗಕ್ಕೆ 120. ಸೀಟ್ ಬೆಲ್ಟು, ತುರ್ತು ದೀಪ, ಆಕ್ಸಿಜನ್ ಇಂಥವಕ್ಕೆ ಕಾನೂನು ಬಿಗಿ. ಪ್ರಯಾಣಿಕರ ಸುಖಕ್ಕೆ ಅಂತ ಇರೋ ಸಾಮಾನೆಲ್ಲ ಪಟ್ಟಿಯ ಬಾಲದಲ್ಲೋ, ಪಟ್ಟಿಯಿಂದಾಚೆಗೋ ಇರುತ್ತೆ. ಇಂಜಿನ್ ಸರಿ ಇಡೋದು ಕಾನೂನು. ಲೈಟ್ ಸರಿ ಇಡೋದು ಮರ್ಯಾದೆ.

ಹಾಗಾಗಿ ಕುಸಿದ ಸೀಟು ನೋಡಿ "ಈ ವಿಮಾನ ಬೀಳುತ್ತೆ" ಅನ್ನೋದು ತಪ್ಪು ಲೆಕ್ಕ. 2025ರ ಜೂನ್ 12ರಂದು ಅಹಮದಾಬಾದಿನ ದುರಂತ ಆದಾಗ ಎಲ್ಲರ ವಾಟ್ಸಾಪಿನಲ್ಲೂ ಕೆಟ್ಟ ಎಸಿ, ಸತ್ತ ಸ್ಕ್ರೀನುಗಳ ವಿಡಿಯೋ ಓಡಾಡಿದವು. ಒಂದು ತಿಂಗಳ ನಂತರ ಬಂದ ಪ್ರಾಥಮಿಕ ವರದಿ ಮಾತಾಡಿದ್ದು ಇಂಧನದ ಸ್ವಿಚ್‌ಗಳ ಬಗ್ಗೆ. ವಿಮಾನದ ವಯಸ್ಸನ್ನೂ ಬರೀ ವರ್ಷದಲ್ಲಿ ಎಣಿಸೋಕೆ ಬರಲ್ಲ. ಎಷ್ಟು ಸಲ ಏರಿ ಇಳಿದಿದೆ ಅನ್ನೋದೂ ಲೆಕ್ಕ, ಯಾಕಂದ್ರೆ ಪ್ರತಿ ಹಾರಾಟದಲ್ಲೂ ಒಳಗಿನ ಒತ್ತಡಕ್ಕೆ ಅದರ ಮೈ ಬಲೂನಿನ ಹಾಗೆ ಒಂದಿಷ್ಟು ಉಬ್ಬಿ ಮತ್ತೆ ಕುಗ್ಗುತ್ತೆ. ಇನ್ನು ಕುರ್ಚಿಯ ವಯಸ್ಸೇ ಬೇರೆ. ಏರ್ ಇಂಡಿಯಾದ ಮೊದಲ ಡ್ರೀಮ್‌ಲೈನರ್ ಬಂದಿದ್ದು 2012ರಲ್ಲಿ. ವಿಮಾನದ ಆಯಸ್ಸಿಗೆ ಅದು ದೊಡ್ಡ ವಯಸ್ಸಲ್ಲ. ಆದರೆ ನಷ್ಟದಲ್ಲಿದ್ದ, ವರ್ಷಗಟ್ಟಲೆ ಮಾರಾಟಕ್ಕಿದ್ದ ಮನೆಗೆ ಯಾರು ಸುಣ್ಣ ಹೊಡೆಸ್ತಾರೆ? 2022ರ ಜನವರಿಯಲ್ಲಿ ಟಾಟಾ ಕೈಗೆ ಬಂತು. ಆ ವರ್ಷದ ಡಿಸೆಂಬರಿನಲ್ಲಿ 40 ದೊಡ್ಡ ವಿಮಾನಗಳ ಒಳಾಂಗಣ ಬದಲಿಸೋಕೆ 40 ಕೋಟಿ ಡಾಲರ್ ಅಂತ ಘೋಷಣೆ ಆಯ್ತು. ಆಮೇಲೆ ಹೊಸ ಸೀಟುಗಳೇ ಸಮಯಕ್ಕೆ ಸಿಗಲಿಲ್ಲ. ಮೊದಲ ಹಳೇ ಡ್ರೀಮ್‌ಲೈನರ್ ಕೆಲಸಕ್ಕೆ ಅಂತ ಕ್ಯಾಲಿಫೋರ್ನಿಯಾಕ್ಕೆ ಹೋದಾಗ 2025ರ ಜುಲೈ.

ಈ ನಡುವೆ, ಅದೇ ವರ್ಷದ ಫೆಬ್ರವರಿಯಲ್ಲಿ, ಕೇಂದ್ರ ಕೃಷಿ ಸಚಿವ ಶಿವರಾಜ್ ಸಿಂಗ್ ಚೌಹಾಣ್ ಅವರಿಗೆ ಭೋಪಾಲ್–ದೆಹಲಿ ವಿಮಾನದಲ್ಲಿ ಮುರಿದು ಕುಸಿದ ಸೀಟು ಸಿಕ್ಕಿತು. ಈ ಸೀಟು ಮಾರಬೇಡಿ ಅಂತ ಮೊದಲೇ ಮೇಲಿನವರಿಗೆ ಹೇಳಿದ್ವಿ ಅಂತ ಸಿಬ್ಬಂದಿ ಅವರಿಗೆ ಹೇಳಿದ್ರಂತೆ. ಅಲ್ಲೂ ಆಲ್ರೆಡಿ ರಿಪೋರ್ಟೆಡ್! ಪೂರ್ತಿ ದುಡ್ಡು ತಗೊಂಡು ಮುರಿದ ಸೀಟು ಕೊಡೋದು ಮೋಸ ಅಲ್ವಾ ಅಂತ ಸಚಿವರು ಸಾರ್ವಜನಿಕವಾಗಿ ಕೇಳಿದ್ರು, ಕಂಪನಿ ಕ್ಷಮೆ ಕೇಳ್ತು. ಪ್ರಶ್ನೆ ಸರಿಯಾಗೇ ಇತ್ತು. ಅದನ್ನು ಕೇಳೋಕೆ ಸಚಿವರೇ ಅಲ್ಲಿ ಕೂರಬೇಕಾಯ್ತು ಅನ್ನೋದು ಬೇರೆ ಮಾತು.

ಈ "ಮೊದಲೇ ಗೊತ್ತಿದೆ" ಅನ್ನೋ ಮಾತು ನನ್ನನ್ನು ಬಿಡ್ತಿಲ್ಲ. 1988ರ ಏಪ್ರಿಲ್ 28ರಂದು ಹವಾಯಿಯಲ್ಲಿ ಅಲೋಹಾ ಏರ್‌ಲೈನ್ಸಿನ 19 ವರ್ಷದ ಬೋಯಿಂಗ್ 737ರ ಮುಂಭಾಗದ ಚಾವಣಿ ಆಕಾಶದಲ್ಲೇ ಕಿತ್ತು ಹೋಯ್ತು. ದ್ವೀಪದಿಂದ ದ್ವೀಪಕ್ಕೆ, ದಾವಣಗೆರೆ–ಹರಿಹರ ಟ್ರಿಪ್ ಹೊಡೆಯೋ ಬಸ್ಸಿನ ಹಾಗೆ, ಅಷ್ಟರಲ್ಲೇ 89,680 ಸಲ ಹಾರಿತ್ತು. ಒಬ್ಬ ಗಗನಸಖಿ ಸತ್ತರು, ಪೈಲಟ್‌ಗಳು ಹೇಗೋ ಇಳಿಸಿದರು. ತನಿಖೆಯಲ್ಲಿ ಒಂದು ಸಣ್ಣ ವಿಷಯ ಹೊರಗೆ ಬಂತು. ಹತ್ತುವಾಗಲೇ ಒಬ್ಬ ಪ್ರಯಾಣಿಕರು ಬಾಗಿಲ ಹತ್ತಿರ ಬಿರುಕು ನೋಡಿದ್ದರು. ಯಾರಿಗೂ ಹೇಳಲಿಲ್ಲ. ಅವರನ್ನು ಬೈಯೋಕೆ ನನಗೆ ಬಾಯಿ ಬರಲ್ಲ. ಇಷ್ಟು ದೊಡ್ಡ ವಿಮಾನ, ಇಷ್ಟು ಜನ ಇಂಜಿನಿಯರ್‌ಗಳು, ಅವರಿಗೆ ಗೊತ್ತಿರಲ್ವಾ ಅಂತ ನಾನಾಗಿದ್ರೂ ಅಂದ್ಕೊಳ್ತಿದ್ದೆ. ಗೊತ್ತಿಲ್ಲದೆ ಇರೋದಕ್ಕೆ ಔಷಧಿ ಇದೆ, ಹೇಳಬಹುದು. ಗೊತ್ತಿದೆ, ಬರೆದಿಟ್ಟಿದ್ದಾರೆ ಅಂದ್ರೆ? ಇನ್ನು ಯಾರಿಗೆ ಹೇಳೋದು?

ನಾನು ಚಿಕ್ಕವನಿದ್ದಾಗ ನಮ್ಮೂರಿಗೆ ಬರ್ತಿದ್ದ ಪ್ರೈವೇಟ್ ಬಸ್ಸಿನಲ್ಲಿ ಹಿಂದಿನ ಚಕ್ರದ ಮೇಲಿನ ಸೀಟಿಗೆ ರೆಕ್ಸಿನ್ ಹರಿದು ನಾರು ಹೊರಗೆ ಬಂದಿತ್ತು. ಯಾರಾದ್ರೂ ವಯಸ್ಸಾದವರು ಅಲ್ಲಿಗೆ ಹೋದ್ರೆ ಕಂಡಕ್ಟರ್ ಕೂಗೋನು, "ಅಜ್ಜಾ, ಅಲ್ಲಿ ಬ್ಯಾಡ, ಕಬ್ಣ ಚುಚ್ಚತೈತಿ." ಒಂದು ದಿನ ಮಡಚಿದ ಗೋಣಿಚೀಲ ಬಂತು. ಆಮೇಲೆ ಹೊಸ ರೆಕ್ಸಿನ್ನೇ ಬಂತು, ಯಾಕಂದ್ರೆ ಮಾಲೀಕನೂ ಕಲೆಕ್ಷನ್ ಎಣಿಸ್ತಾ ದಿನಾ ಸಂಜೆ ಅದೇ ಬಸ್ಸಿನಲ್ಲಿ ಬರೋನು. ಹಳೇದೆಲ್ಲ ಚಿನ್ನ ಅಂತ ಹೇಳ್ತಿಲ್ಲ. ಆ ಬಸ್ಸಿನ ಬ್ರೇಕು ದೇವರಿಗೇ ಪ್ರೀತಿ, ಟಾಪ್ ಮೇಲೂ ಜನ. ಇವತ್ತು ನನ್ನ ಮಗಳನ್ನ ಅದರಲ್ಲಿ ಹತ್ತಿಸಲ್ಲ. ವಿಮಾನದಲ್ಲಿ ಇಂಜಿನ್ ಯಾರ ಕಣ್ಣಿಗೂ ತಪ್ಪಲ್ಲ, ಕೂತವರ ಬೆನ್ನು ಮಾತ್ರ ತಪ್ಪುತ್ತೆ. ಆ ಬಸ್ಸಿನಲ್ಲಿ ಉಲ್ಟಾ.

ಇಷ್ಟೆಲ್ಲ ಬೈಯೋಕೆ ನನಗೇನು ಹಕ್ಕಿದೆ ಅಂತ ಗೊತ್ತಾಗಿದ್ದು ಅಲ್ಲೇ, ಅಟ್ಲಾಂಟಿಕ್ ಮೇಲೆ. ನಿದ್ದೆ ಬರದೆ ಲ್ಯಾಪ್‌ಟಾಪ್ ತೆಗೆದು ಆಫೀಸಿನ ಬಗ್ ಪಟ್ಟಿ ನೋಡ್ತಾ ಕೂತಿದ್ದೆ. ನಮ್ಮ ಟೀಮಿನ ಆ್ಯಪ್‌ನಲ್ಲಿ ಒಂದು ತಪ್ಪಿದೆ. ಫೋನಿನ ಅಕ್ಷರ ದೊಡ್ಡದು ಮಾಡಿಕೊಂಡರೆ ಕೊನೆಯ ಪುಟದ "ಸಲ್ಲಿಸಿ" ಬಟನ್ ಸ್ಕ್ರೀನಿನಿಂದ ಕೆಳಗೆ ಜಾರಿ ಹೋಗುತ್ತೆ. ಅರ್ಜಿ ಪೂರ್ತಿ ತುಂಬಿದವರು ಅಲ್ಲೇ ಸಿಕ್ಕಿಹಾಕ್ಕೊಳ್ತಾರೆ. ವರ್ಗ: ಕಾಸ್ಮೆಟಿಕ್. ಆದ್ಯತೆ: ನಾಲ್ಕು. ವಯಸ್ಸು: ಹದಿನಾಲ್ಕು ತಿಂಗಳು. ಹನ್ನೊಂದು ಜನ ಬೇರೆ ಬೇರೆಯಾಗಿ ದೂರು ಕೊಟ್ಟಿದ್ರು. ಆ ಹನ್ನೊಂದರಲ್ಲಿ ಆರನ್ನು ನಾನೇ ಮುಚ್ಚಿದ್ದೆ. ಕಾರಣ ಅಂತ ಬರೆದಿದ್ದು ಒಂದೇ ಪದ, ಡುಪ್ಲಿಕೇಟ್. ಅಂದ್ರೆ ಆಲ್ರೆಡಿ ರಿಪೋರ್ಟೆಡ್. ಆ ವರ್ಗ ಹಾಕಿದ ಮೀಟಿಂಗಿನಲ್ಲಿದ್ದ ನಾವು ಆರೂ ಜನಕ್ಕೆ ನಲವತ್ತು ದಾಟಿಲ್ಲ. ಯಾರ ಫೋನಿನಲ್ಲೂ ಅಕ್ಷರ ದೊಡ್ಡದಿಲ್ಲ.

ಪಕ್ಕದಲ್ಲಿ ಅವ್ವನ ಫೋನ್ ಇತ್ತು. ಅಕ್ಷರ ಎಷ್ಟು ದೊಡ್ಡದಂದ್ರೆ ಒಂದು ಮೆಸೇಜಿಗೆ ಎರಡು ಸಲ ಸ್ಕ್ರೀನ್ ಸರಿಸಬೇಕು. ಹಾಗೆ ಮಾಡಿಕೊಟ್ಟವನೂ ನಾನೇ.

ಇಳಿದ ಮೇಲೆ ಆ ಟಿಕೆಟ್ಟನ್ನು ಎರಡನೇ ಆದ್ಯತೆಗೆ ಏರಿಸಿದೆ. ಮ್ಯಾನೇಜರ್ ಕೇಳಿದ್ರು, ಕ್ರ್ಯಾಶ್ ಏನಾದ್ರೂ ಆಗ್ತಿದ್ಯಾ? ಇಲ್ಲ ಅಂದೆ. ಹಾಗಾದ್ರೆ ಮುಂದಿನ ಕ್ವಾರ್ಟರ್ ನೋಡೋಣ ಅಂದ್ರು. ಸಾಫ್ಟ್‌ವೇರಿನಲ್ಲೂ ವಿಮಾನದಲ್ಲೂ ಒಂದೇ ಪ್ರಶ್ನೆ, ಬೀಳುತ್ತಾ? ಬೀಳಲ್ಲ ಅಂದ್ರೆ ಕಾಯಬಹುದು. ನಾನು ವಾದ ಮಾಡದೆ ಎರಡು ಭಾನುವಾರ ಕೂತು ಸರಿ ಮಾಡಿದೆ, ದೊಡ್ಡ ಕೆಲಸವೇನೂ ಅಲ್ಲ. ಅಷ್ಟು ಸಣ್ಣ ಕೆಲಸ ಅನ್ನೋದೇ ನಾಚಿಕೆ.

ವಿಮಾನದ ಕಂಪನಿಗೂ ಬರೆದಿದ್ದೆ. ಮೂರು ವಾರದ ಮೇಲೆ ಉತ್ತರ ಬಂತು. ವಿಷಾದ, ಜೊತೆಗೆ ನನ್ನ ಖಾತೆಗೆ ಒಂದಿಷ್ಟು ಮೈಲ್ಸ್. ಅಕ್ಕನ ಮನೆಗೆ ಫೋನ್ ಮಾಡಿದಾಗ ಅವ್ವನಿಗೆ ಹೇಳಿದೆ. "ಅದಿರ್ಲಿ, ಲೈಟ್ ಆರಸಿದ್ರಂತಾ?" ಅಂದಳು. ಮತ್ತೆ ಮೇಲ್ ತೆಗೆದು ಓದಿದೆ. ಲೈಟಿನ ಬಗ್ಗೆ ಒಂದು ಮಾತಿರಲಿಲ್ಲ. ಈ ಸಲ ಸೀಟ್ ನಂಬರ್ ಹಾಕಿ ಇನ್ನೊಂದು ಕಳಿಸಿದ್ದೀನಿ.