ಕ್ಷೇಮವೂ ಸತ್ಯವೂ

ದೂರದಲ್ಲಿರುವವರೊಡನೆ ಆಡುವ ಮಾತಿನಲ್ಲಿ ಯಾವುದಕ್ಕೆ ಮೊದಲ ಸ್ಥಾನ ಸಲ್ಲಬೇಕು, ಕ್ಷೇಮಕ್ಕೋ ಸತ್ಯಕ್ಕೋ? ಪ್ರಶ್ನೆಯು ಮೇಲುನೋಟಕ್ಕೆ ಸಣ್ಣದೆಂದು ತೋರಬಹುದು. ಆದರೆ ಎದುರಿಗೆ ನಿಂತವನ ಮುಖವು ಅವನ ನುಡಿಗೆ ಸಾಕ್ಷಿಯಾಗಿರುತ್ತದೆ. ದೂರದಲ್ಲಿರುವವನ ನುಡಿಗೆ ಅಂತಹ ಸಾಕ್ಷಿಯಿಲ್ಲ. ಅಲ್ಲಿ ಕೇಳುವವನು ಮಾತೊಂದನ್ನೇ ನಂಬಬೇಕು. ಆದುದರಿಂದ ದೂರದ ಮಾತಿನ ಹೊಣೆಯು ಹತ್ತಿರದ ಮಾತಿನ ಹೊಣೆಗಿಂತ ಹೆಚ್ಚಿನದು.

ಈ ಪ್ರಶ್ನೆಯನ್ನು ವಿಚಾರಿಸುವುದಕ್ಕೆ ಮೊಳಕಾಲ್ಮೂರು ತಾಲ್ಲೂಕಿಗಿಂತ ತಕ್ಕ ನೆಲವು ದೊರೆಯುವುದು ಕಷ್ಟ. ಅಲ್ಲಿಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳಿರುವುದನ್ನು ಬಿ. ಎಲ್. ರೈಸರು 1892ರಲ್ಲಿ ಬೆಳಕಿಗೆ ತಂದರು. ಬ್ರಹ್ಮಗಿರಿಯ ಬರಹವು ಕ್ರಿಸ್ತಪೂರ್ವ 3ನೆಯ ಶತಮಾನದಲ್ಲಿ ಸುವರ್ಣಗಿರಿಯ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಓಲೆ. ಅದರಲ್ಲಿ ಮೊದಲು ಬರುವುದು ಚಕ್ರವರ್ತಿಯ ಆಜ್ಞೆಯಲ್ಲ. ಇಸಿಲದವರ ಆರೋಗ್ಯದ ಹಾರೈಕೆ. ಅನಂತರ ಆಜ್ಞೆಯು ಬರುತ್ತದೆ; ಕೊನೆಗೆ ತಾಯಿತಂದೆಗಳ ಸೇವೆ, ಪ್ರಾಣಿಗಳಲ್ಲಿ ದಯೆ, ಸತ್ಯವನ್ನೇ ನುಡಿಯಬೇಕೆಂಬ ವಿಧಿ ಇವು ಬರುತ್ತವೆ. ಗಟ್ಟಿಕಲ್ಲಿನ ಮೇಲೆ ಒಂದೊಂದು ಅಕ್ಷರಕ್ಕೂ ಉಳಿಯ ಪೆಟ್ಟುಗಳು ಬೀಳಬೇಕಾಗಿದ್ದರೂ ಲಿಪಿಕಾರನಾದ ಚಪಡನು ಕ್ಷೇಮದ ಮಾತನ್ನು ಉಳಿತಾಯಕ್ಕಾಗಿ ಬಿಡಲಿಲ್ಲ. ಓಲೆಯು ಕ್ಷೇಮದ ಮಾತಿನಲ್ಲಿಯೇ ಮುಗಿಯಲೂ ಇಲ್ಲ.

ಮಾತನ್ನು ಅಳೆದು ಕೊಳ್ಳಬೇಕಾದ ಕಾಲವು ಈ ನಾಡಿಗೆ ಮತ್ತೊಂದು ರೂಪದಲ್ಲಿ ಬಂದಿತು. ಟ್ರಂಕ್ ಕಾಲನ್ನು ಬರೆಯಿಸಿ ಗಂಟೆಗಟ್ಟಲೆ ಕಾದು ಕುಳಿತಿದ್ದ ಜನರಿಗೆ, ನಡುವೆ ಆಪರೇಟರಿಲ್ಲದೆ ಪರಸ್ಥಳಕ್ಕೆ ನೇರವಾಗಿ ಮಾತನಾಡುವ ಎಸ್.ಟಿ.ಡಿ. ಸೌಕರ್ಯವು 1960ನೆಯ ನವೆಂಬರ್ 25ರಂದು ಕಾನಪುರ ಲಖನೌಗಳ ನಡುವೆ ಮೊದಲಾಯಿತು. ಧೂಳು ಸೆಖೆಗಳನ್ನು ತಾಳಿಕೊಂಡು ಹಳ್ಳಿಗಳಲ್ಲಿ ನಡೆಯಬಲ್ಲ ಸಿ-ಡಾಟ್ ಸಂಸ್ಥೆಯ ಗ್ರಾಮಾಂತರ ವಿನಿಮಯ ಕೇಂದ್ರವು 1986ರ ಜುಲೈ ತಿಂಗಳಲ್ಲಿ ಕರ್ನಾಟಕದ ಕಿತ್ತೂರಿನಲ್ಲಿಯೇ ಮೊಟ್ಟಮೊದಲು ಸ್ಥಾಪಿತವಾಯಿತು. ಅಲ್ಲಿಂದ ಮುಂದೆ ಹಳದಿ ಫಲಕದ ಬೂತುಗಳು ಊರೂರಿಗೂ ಬಂದುವು. ಚಳ್ಳಕೆರೆಗೆ 08195, ಮೊಳಕಾಲ್ಮೂರಿಗೆ 08198 ಎಂಬ ಅಂಕಿಗಳು ಪರಸ್ಥಳದಲ್ಲಿ ದುಡಿಯುವವರಿಗೆ ಮನೆಯ ವಿಳಾಸದಷ್ಟೇ ಬಾಯಿಪಾಠವಾದುವು. ರಾತ್ರಿ 11ರ ಮೇಲೆ ದರವು ಕಾಲುಭಾಗಕ್ಕೆ ಇಳಿಯುತ್ತಿದ್ದುದರಿಂದ ಮನಸ್ಸಿನ ಮಾತು ನಿದ್ದೆಗೆಟ್ಟು ಕಾಯಬೇಕಾಗುತ್ತಿತ್ತು. ಅನಂತರ ಮುಂಗಡ ಹಣದ ಕಾರ್ಡು ಬಂದಿತು. ಅದರ ಮೇಲಿನ ಲೇಪವನ್ನು ಕೆರೆದು, ಗುಪ್ತಸಂಖ್ಯೆಯನ್ನು ಒತ್ತಿ, ಉಳಿದಿರುವ ಹಣವೆಷ್ಟೆಂದು ಯಂತ್ರವು ಹೇಳುವುದನ್ನು ಕೇಳಿದ ಮೇಲೆ ಊರಿನ ಸಂಖ್ಯೆಯನ್ನು ಒತ್ತಬೇಕು. ಬೂತಿನ ಮೀಟರು ಮಾತು ನಡೆಯುತ್ತಿರುವಾಗ ಲೆಕ್ಕವನ್ನು ತೋರಿಸುತ್ತಿತ್ತು. ಕಾರ್ಡಾದರೋ ಮಾತಿಗೆ ಮೊದಲೇ ಅದರ ಮಿತಿಯನ್ನು ಸಾರುತ್ತಿತ್ತು.

ಇಂತಹ ಕಾರ್ಡನ್ನು ಹಿಡಿದು ಬೆಂಗಳೂರಿನ ಬೂತಿನಲ್ಲಿ ನಿಂತ ಚಳ್ಳಕೆರೆ ಸೀಮೆಯ ಕೂಲಿಯೊಬ್ಬನನ್ನು ಊಹಿಸಿಕೊಳ್ಳಬಹುದು. ಮಳೆಯನ್ನು ನಂಬಿ ಶೇಂಗಾ ಬಿತ್ತುವ ಸೀಮೆಯದು. ಮಳೆ ಕೈಕೊಟ್ಟ ವರ್ಷ ಪ್ರಾಯದವರು ಗಂಟುಕಟ್ಟಿ ಹೊರಡುವುದು ಅಲ್ಲಿ ಹೊಸತಲ್ಲ. ಮನೆಯಲ್ಲಿ ಫೋನಿಲ್ಲವಾಗಿ ಅವನು ಮೊದಲು ಊರಿನ ಅಂಗಡಿಗೆ ಕರೆಮಾಡಿ, ತಾಯಿಯನ್ನು ಕರೆಯಿಸಿರೆಂದು ಬೇಡಿ, ಹತ್ತು ನಿಮಿಷ ಬಿಟ್ಟು ಮತ್ತೆ ಕರೆಮಾಡುತ್ತಾನೆ. "ಹೆಂಗಿದ್ದೀಯವ್ವಾ?" "ಚೆನ್ನಾಗಿದ್ದೀನಪ್ಪಾ, ನೀನು?" "ನಾನೂ ಚೆನ್ನಾಗಿದ್ದೀನಿ. ಮಳೆ?" "ಆಯ್ತಪ್ಪಾ, ಪರವಾಯಿಲ್ಲ." ಅಷ್ಟರಲ್ಲಿ ಹಣ ತೀರುತ್ತದೆ. ಶೇಂಗಾ ಒಣಗಿರುವುದನ್ನು ತಾಯಿ ಹೇಳಲಿಲ್ಲ. ಕೂಲಿ ತಪ್ಪಿ ಹದಿನೈದು ದಿನವಾದುದನ್ನು ಮಗ ಹೇಳಲಿಲ್ಲ. ಇಬ್ಬರೂ ಪ್ರೀತಿಯಿಂದಲೇ ಸುಳ್ಳಾಡಿದರು.

ಇದು ದೋಷವೇ ಎಂದು ಕೇಳುವವರುಂಟು. ಅವರ ವಾದಕ್ಕೆ ಬಲವಿಲ್ಲವೆನ್ನಲಾಗದು. ಕಾಲವು ಅಲ್ಪ, ಅಂಗಡಿಯಲ್ಲಿ ಹತ್ತು ಕಿವಿಗಳು, ಮೇಲಾಗಿ ದೂರದಲ್ಲಿರುವವನು ಕೇಳಿ ಮರುಗಬಲ್ಲನೇ ಹೊರತು ಬಂದು ಕಣ್ಣೀರೊರಸಲಾರನು. ಹೇಳಿ ನೋಯಿಸುವುದಕ್ಕಿಂತ ಹೇಳದೆ ಕಾಯುವುದು ಲೇಸಲ್ಲವೇ? ನಮ್ಮ ಹಿರಿಯರೂ ಪರರಿಗೆ ಹಿತವಾದ ನುಡಿಯನ್ನೇ ಮೆಚ್ಚಿದವರು.

ಆದರೆ ಹಿತವೆಂಬುದು ಆ ಕ್ಷಣದ ನೆಮ್ಮದಿಯಷ್ಟೇ ಅಲ್ಲ. ಮಳೆ ಪರವಾಯಿಲ್ಲವೆಂದು ನಂಬಿದ ಮಗನು ಕೈಯಲ್ಲಿದ್ದ ಅಲ್ಪಸ್ವಲ್ಪ ಹಣವನ್ನು ಬೇರೆಡೆಗೆ ವ್ಯಯಿಸುತ್ತಾನೆ. ತಾಯಿಯು ಆ ಕೊರತೆಯನ್ನು ಬಡ್ಡಿಯ ಸಾಲದಿಂದ ತುಂಬುತ್ತಾಳೆ. ಮಗನಿಗೆ ಕೂಲಿಯಿದೆಯೆಂದು ನಂಬಿದ ತಾಯಿಯು ಆ ಭರವಸೆಯ ಮೇಲೆಯೇ ಸಾಲಗಾರನಿಗೆ ವಾಯಿದೆ ಹೇಳುತ್ತಾಳೆ. ಹೀಗೆ ಎರಡು ಕರುಣೆಯ ಸುಳ್ಳುಗಳು ಕೂಡಿ ಒಂದು ಕುಟುಂಬವನ್ನು ಕಂದಕದ ಅಂಚಿಗೆ ಒಯ್ಯಬಲ್ಲವು. ಮರೆಮಾಡಿದವನು ಪರರ ದುಃಖವನ್ನು ಕಡಿಮೆಮಾಡಿದೆನೆಂದು ತಿಳಿದಿರುತ್ತಾನೆ. ಆದರೆ ದುಃಖದಲ್ಲಿ ಪಾಲುಗೊಳ್ಳಲು ಅವರಿಗಿದ್ದ ಅಧಿಕಾರವನ್ನೇ ಅವನು ಕಸಿದುಕೊಂಡನೆಂಬುದು ಅವನಿಗೆ ಹೊಳೆಯುವುದಿಲ್ಲ.

ಮಾತನ್ನು ಮಾರುವವನ ಅಳತೆಗೆ ಪರೀಕ್ಷೆಯುಂಟು. ಅಮೆರಿಕ ದೇಶದಲ್ಲಿ ಕಾರ್ಡು ಮಾರಿದ ಕೆಲವು ಕಂಪನಿಗಳು ಹೇಳಿದಷ್ಟು ನಿಮಿಷಗಳನ್ನು ಕೊಡಲಿಲ್ಲವೆಂದು ಅಲ್ಲಿಯ ಫೆಡರಲ್ ಟ್ರೇಡ್ ಕಮಿಷನ್ 2008ರಲ್ಲಿ ನ್ಯಾಯಾಲಯಕ್ಕೆ ಹೋಯಿತು. ಕೊಂಡ ನಿಮಿಷಗಳಲ್ಲಿ ಆಡಿದ ಮಾತು ತೂಕಕ್ಕೆ ಸರಿಯಾಗಿತ್ತೇ ಎಂದು ಪರೀಕ್ಷಿಸುವ ನ್ಯಾಯಾಲಯವು ಎಲ್ಲಿಯೂ ಇಲ್ಲ. ಅದನ್ನು ಆಡಿದವನೇ ತೂಗಿಕೊಳ್ಳಬೇಕು.

ಕಾಲಾಭಾವವೇ ಮರೆಮಾಚುವಿಕೆಗೆ ಕಾರಣವಾಗಿದ್ದಿತೆಂಬುದು ನಿಜವಾದರೆ, ಕಾಲವು ಧಾರಾಳವಾದೊಡನೆ ಸತ್ಯವೂ ಧಾರಾಳವಾಗಬೇಕಾಗಿತ್ತು. ಕೈಫೋನುಗಳು ಬಂದ ಮೇಲೆ ಬೂತುಗಳು ಒಂದೊಂದಾಗಿ ಮುಚ್ಚಿದುವು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಸೇವೆಯು ಮೊದಲಾದ ಮೇಲೆ ದೇಶದೊಳಗಿನ ಮಾತಿಗೆ ನಿಮಿಷದ ಲೆಕ್ಕವೇ ಬಹುಮಟ್ಟಿಗೆ ಅಳಿಯಿತು. ಕೂಲಿಯವನೂ ಈಗ ಗಂಟೆಗಟ್ಟಲೆ ಮಾತನಾಡಬಲ್ಲನು. ಆದರೂ "ಹೆಂಗಿದ್ದೀಯವ್ವಾ" ಎಂಬ ಪ್ರಶ್ನೆಗೆ "ಚೆನ್ನಾಗಿದ್ದೀನಪ್ಪಾ" ಎಂಬ ಉತ್ತರವು ಹಾಗೆಯೇ ಉಳಿದಿದೆ. ಆಗ ಬಾಯಿಕಟ್ಟಿದ್ದುದು ಕಾರ್ಡಿನ ಮಿತಿಯಲ್ಲ, ನೋಯಿಸುವ ಭಯವೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಮಿತಿಯು ಒಂದು ಉಪಕಾರವನ್ನೂ ಮಾಡುತ್ತಿದ್ದಿತು. ಇಷ್ಟೇ ಹಣ ಉಳಿದಿದೆಯೆಂದು ಕೇಳಿದವನು ಯಾವ ಮಾತನ್ನು ಆಡಬೇಕು, ಯಾವುದನ್ನು ಬಿಡಬೇಕು ಎಂದು ಆಯಬೇಕಾಗಿತ್ತು. ಆ ಆಯ್ಕೆಯನ್ನು ಬಲ್ಲವನಿಗೆ ಎರಡು ನಿಮಿಷವೂ ಸಾಕು: "ಬೆಳೆ ಹೋಯ್ತಪ್ಪಾ, ಆದರೆ ನಾನು ಗಟ್ಟಿಯಾಗಿದ್ದೀನಿ" ಎಂಬ ನುಡಿಗೆ ಸುಳ್ಳಿಗಿಂತ ಹೆಚ್ಚಿನ ಕಾಲವು ಬೇಕಾಗುವುದಿಲ್ಲ. ಕ್ಷೇಮವನ್ನು ಕೇಳುವವನು ಅಕ್ಷೇಮವನ್ನು ಕೇಳಲೂ ಸಿದ್ಧನಾಗಿರಬೇಕು. ಹೇಳುವವನು ಅವನ ಎದೆಯ ಬಲವನ್ನು ನಂಬಬೇಕು. ಈ ನಂಬಿಕೆಯಿದ್ದರೆ ಹಾರೈಕೆಯು ಸತ್ಯಕ್ಕೆ ಬಾಗಿಲಾಗುತ್ತದೆ. ಪರಸ್ಥಳದಲ್ಲಿ ಮಕ್ಕಳಿರುವ ಮನೆಗಳವರು ಇದನ್ನು ಇಂದಿನ ಕರೆಯಲ್ಲಿಯೇ ಆಚರಿಸಿ ನೋಡಬಹುದು.