ನಿಂತ ಆಶೀರ್ವಾದ ನಾರುತ್ತೆ

ಯೆಶಾಯ 55:10-11 ತೆಗೆಯಿರಿ. ಮಳೆ ಸುಮ್ಮನೆ ಬಂದು ಹೋಗಲ್ಲ. ಹೊಲಕ್ಕೆ ಫಲ ಕೊಟ್ಟೇ ಹೋಗುತ್ತೆ. ತನ್ನ ಮಾತೂ ಹಾಗೇ ಅಂತಾರೆ ದೇವರು.

ನಾವು ಬೆಂಗಳೂರಲ್ಲಿ ಬಳಸಿ ಬಿಡೋ ಕೊಳಚೆ ನೀರಲ್ಲಿ ಸಾರಜನಕ, ರಂಜಕ ಇರುತ್ತೆ. ಅದೇ ಹೊಲದಲ್ಲಿದ್ರೆ ಗೊಬ್ಬರ. ರಾಗಿ ತೆನೆಯಾಗಿ ತಟ್ಟೆಗೆ ಬರುತ್ತೆ. ಬೆಳ್ಳಂದೂರು ಕೆರೆಯಲ್ಲಿ ತುಂಬಿಕೊಂಡಾಗ? ಕಳೆ ಹಬ್ಬಿತು. ಆ ಕಳೆ ಕೊಳೆತರೆ ನೀರಿನ ಆಮ್ಲಜನಕ ತೀರುತ್ತೆ, ಮೀನು ಸಾಯುತ್ತೆ. ಸತ್ವ ಅದೇ, ಸೇರಬೇಕಾದ ಕಡೆ ಸೇರಲಿಲ್ಲ ಅಷ್ಟೇ.

ಈಗ ಹೇಳಿ, ನಿಮ್ಮ ಸಂಬಳ, ನಿಮ್ಮ ಅಭಿಷೇಕ ಎಲ್ಲಿ ನಿಂತಿದೆ? ಭಾನುವಾರ ಅನ್ಯಭಾಷೆಯಲ್ಲಿ ಪ್ರಾರ್ಥಿಸ್ತೀರಿ, ಸೋಮವಾರ ಪಕ್ಕದ ಸೀಟಿನವನು ಕುಗ್ಗಿ ಕೂತಿದ್ರೆ "ಏನಾಯ್ತು?" ಅಂತ ಕೇಳಲ್ಲ. ಊರಿಂದ ಅಮ್ಮ ಮಾಡಿದ ಫೋನ್ ಎತ್ತಲ್ಲ.

"ಪಾಸ್ಟರ್, ನಾನೇ ಕೊಳಚೆ, ನನ್ನಿಂದ ಯಾರಿಗೇನು ಪ್ರಯೋಜನ?" ಅಂತೀರಾ? ಕೇಳಿ. 2018ರಿಂದ ಬೆಂಗಳೂರಿನ ಅದೇ ಕೊಳಚೆ ನೀರು ಶುದ್ಧವಾಗಿ, ಪೈಪಲ್ಲಿ ಹೋಗಿ ಬರಗಾಲದ ಕೋಲಾರದ ಕೆರೆಗಳನ್ನು ತುಂಬಿಸ್ತಿದೆ. ಅಲ್ಲಿ ನೆಲಕ್ಕೆ ಇಂಗಿ ಅಂತರ್ಜಲ ಸೇರ್ತಿದೆ. ಯಂತ್ರ ಇಷ್ಟು ಮಾಡಿದ್ರೆ, ಯೇಸುವಿನ ರಕ್ತ ನಿಮ್ಮನ್ನು ತೊಳೆದು ಕಳಿಸಲ್ವಾ?

ಈ ವಾರ ಒಬ್ಬರ ಕಡೆಗೆ ಹರಿಯಿರಿ. ಒಬ್ಬರೇ ಸಾಕು. ಎದ್ದು ನಿಲ್ಲಿ, ಪ್ರಾರ್ಥಿಸೋಣ. ಆಮೆನ್.